ನೆಟ್ಟವನಿಗೆ ಮರ ಬಿಟ್ಟುಕೊಡಿ: ಶ್ರೀಗಂಧ ಬೆಳೆಗಾರನ ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಮುಖ್ಯಮಂತ್ರಿಗಳಿಗೆ ಮತ್ತು ಮಾನ್ಯ ಅರಣ್ಯ ಸಚಿವರಿಗೆ,

ನಮಸ್ಕಾರಗಳು.

ಈ ಪತ್ರದಲ್ಲಿ ನಾನು ಹಣ ಕೇಳುತ್ತಿಲ್ಲ. ಸಬ್ಸಿಡಿ, ಬೆಂಬಲ ಬೆಲೆ, ಸಾಲ ಮನ್ನಾ, ಪ್ಯಾಕೇಜು ಯಾವುದೂ ಬೇಡ. ನನ್ನ ಜಮೀನಿನಲ್ಲಿ ನಾನೇ ನೆಟ್ಟು, ನೀರು ಹೊತ್ತು, ರಾತ್ರಿ ಕಾದು ಬೆಳೆಸಿದ ಶ್ರೀಗಂಧದ ಮರಗಳ ಮೇಲಿರುವ ಸರ್ಕಾರದ ಕೈಯನ್ನು ತೆಗೆಯಿರಿ ಎಂದಷ್ಟೇ ಕೇಳುತ್ತಿದ್ದೇನೆ. ಕಡಿಯುವುದಕ್ಕೆ, ಬೇರು ಕೀಳುವುದಕ್ಕೆ, ಸೀಳುವುದಕ್ಕೆ, ಸಾಗಿಸುವುದಕ್ಕೆ, ಎಣ್ಣೆ ಇಳಿಸುವುದಕ್ಕೆ, ನನಗೆ ಸರಿಕಂಡವರಿಗೆ ನಾವಿಬ್ಬರೂ ಒಪ್ಪಿದ ಬೆಲೆಗೆ ಮಾರುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲದಂತೆ ಕಾಯಿದೆಯನ್ನು ತಿದ್ದಿ. ಇದನ್ನು ನಿಮ್ಮ ಕಚೇರಿಗೆ ಅರ್ಜಿಯಾಗಿ ಕೊಡದೆ ಎಲ್ಲರೂ ಓದುವಂತೆ ಬರೆಯಲು ಕಾರಣವಿದೆ. ಅರ್ಜಿ ಎಂದರೆ ಕೊಡುವ ಹಕ್ಕು ನಿಮ್ಮದು ಎಂದು ನಾನು ಒಪ್ಪಿಕೊಂಡಂತೆ. ಈ ವಿಷಯದಲ್ಲಿ ನಾನು ಅದನ್ನು ಒಪ್ಪುವುದಿಲ್ಲ.

ನಾನು ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನವನು. ನಮ್ಮದು ಬಯಲುಸೀಮೆ. ಪಶ್ಚಿಮದಲ್ಲಿ ಬಾಬಾಬುಡನ್‌ಗಿರಿಯ ಸಾಲು ಕಾಣುತ್ತದೆ, ಅಲ್ಲಿನ ಮಳೆ ಮಾತ್ರ ನಮ್ಮ ಕಡೆ ಇಳಿಯುವುದಿಲ್ಲ. ಬರದ ವರ್ಷಗಳಲ್ಲಿ ಕೊಳವೆಬಾವಿಗಳು ಬತ್ತಿ, ತೆಂಗಿನ ತೋಟಗಳು ಸುಳಿ ಒಣಗಿ ನಿಂತಾಗ, ಕಡಿಮೆ ನೀರಿಗೆ ಬದುಕುವ ಬೆಳೆ ಯಾವುದೆಂದು ಹುಡುಕಿದವರಲ್ಲಿ ನಾನೂ ಒಬ್ಬ. 2001ರಲ್ಲಿ ಅರಣ್ಯ ಕಾಯಿದೆಗೆ ತಿದ್ದುಪಡಿಯಾಗಿ, ಜಮೀನಿನ ಒಡೆಯನೇ ಅಲ್ಲಿರುವ ಗಂಧದ ಮರದ ಒಡೆಯ ಎಂದು ಆಗಿತ್ತು. ಅದನ್ನು ನಂಬಿ ನೆಟ್ಟೆವು.

ಗಂಧ ಬೆಳೆಸುವುದು ಏನೆಂದು ತಿಳಿಯದವರಿಗಾಗಿ ನಾಲ್ಕು ಮಾತು. ಇದು ಒಂಟಿಯಾಗಿ ಬಾಳುವ ಗಿಡವಲ್ಲ. ಅದರ ಬೇರು ಪಕ್ಕದ ಗಿಡದ ಬೇರಿಗೆ ಅಂಟಿಕೊಂಡು ಆಹಾರದ ಒಂದು ಪಾಲನ್ನು ಅಲ್ಲಿಂದಲೇ ಹೀರುತ್ತದೆ. ಆದ್ದರಿಂದ ಸಸಿಯ ಮಗ್ಗುಲಲ್ಲಿ ಮೊದಲು ತೊಗರಿ, ಅದು ಮುಗಿಯುವ ಹೊತ್ತಿಗೆ ಸರ್ವೆ, ಹೊಂಗೆ, ನೆಲ್ಲಿ ಹೀಗೆ ಆಸರೆ ಕೊಡುತ್ತಲೇ ಇರಬೇಕು. ಮೊದಲ ಹತ್ತು ವರ್ಷ ಮರದೊಳಗೆ ಮಾರುವಂಥದ್ದು ಏನೂ ಇರುವುದಿಲ್ಲ. ಹೊರಗಿನ ಬಿಳಿಯ ಭಾಗಕ್ಕೆ ವಾಸನೆಯಿಲ್ಲ. ನಡುವಿನ ಕಂದು ಚೇಗು ಕಟ್ಟತೊಡಗುವುದು ಆಮೇಲೆ, ಅದು ಬಲಿಯಲು ಮತ್ತೂ ಹತ್ತು ಹದಿನೈದು ವರ್ಷ ಬೇಕು. ಎಣ್ಣೆಯ ಅಂಶ ಹೆಚ್ಚಿರುವುದು ಬುಡದಲ್ಲಿ ಮತ್ತು ಬೇರಿನಲ್ಲಿ. ಅದಕ್ಕೇ ಗಂಧವನ್ನು ಬೇರೆ ಮರಗಳಂತೆ ನೆಲಮಟ್ಟಕ್ಕೆ ಕಡಿಯುವುದಿಲ್ಲ, ಸುತ್ತ ಅಗೆದು ಬೇರುಸಹಿತ ಕೀಳುತ್ತಾರೆ. ಕಾಲು ಶತಮಾನ ಕಾಯಬೇಕಾದ ಇಂಥ ಬೆಳೆಗೆ ನೀರಿಗಿಂತಲೂ ಗೊಬ್ಬರಕ್ಕಿಂತಲೂ ಹೆಚ್ಚಾಗಿ ಬೇಕಾದದ್ದು ಕೊನೆಗೆ ಇದು ನನ್ನದಾಗಿಯೇ ಉಳಿಯುತ್ತದೆ ಎಂಬ ಭರವಸೆ.

ಆ ಭರವಸೆಗೆ ಈ ನಾಡಿನಲ್ಲಿ ಪೆಟ್ಟು ಬಿದ್ದದ್ದು 1792ರಲ್ಲಿ. ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಯಾರ ಹೊಲದಲ್ಲಿ ಹುಟ್ಟಿದರೂ ಮರ ದೊರೆಯದು ಎಂದಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಒಡೆಯರು ಬಂದರು, ಬ್ರಿಟಿಷ್ ಕಮಿಷನರುಗಳು ಬಂದರು, ಮತ್ತೆ ಒಡೆಯರು ಬಂದರು, ದೇಶ ಸ್ವತಂತ್ರವಾಯಿತು. ಒಬ್ಬರ ಆಜ್ಞೆಯನ್ನು ಇನ್ನೊಬ್ಬರು ರದ್ದು ಮಾಡುತ್ತಲೇ ಬಂದ ಈ ಇತಿಹಾಸದಲ್ಲಿ ಗಂಧದ ಮೇಲಿನ ಆಜ್ಞೆಯನ್ನು ಮಾತ್ರ ಎಲ್ಲರೂ ಜೋಪಾನವಾಗಿ ಇಟ್ಟುಕೊಂಡರು. 1963ರ ಅರಣ್ಯ ಕಾಯಿದೆಯೂ ಅದನ್ನೇ ಮುಂದುವರಿಸಿತು. ರೈತನ ಪಾಲಿಗೆ ಬಂದದ್ದು ಹೊಣೆ ಮಾತ್ರ. ಹೊಲದಲ್ಲಿರುವ ಮರವನ್ನು ಕಾಯಬೇಕಾದವನು ಅವನು, ಕಳುವಾದರೆ ಉತ್ತರ ಹೇಳಬೇಕಾದವನೂ ಅವನೇ.

ಇದರ ಫಲ ಏನಾಯಿತೆಂದು ನಮ್ಮ ಕಡೆಯ ಯಾವ ಹಿರಿಯರನ್ನು ಕೇಳಿದರೂ ಹೇಳುತ್ತಾರೆ. ಗಂಧದ ಹಣ್ಣನ್ನು ಹಕ್ಕಿಗಳು ತಿಂದು ಬೇಲಿಸಾಲಿನಲ್ಲಿ ಹಿಕ್ಕೆ ಹಾಕುತ್ತವೆ, ಅಲ್ಲಿ ಸಸಿ ತಾನಾಗಿಯೇ ಮೊಳೆಯುತ್ತದೆ. ಯಾರೂ ನೆಡಬೇಕಾಗಿರಲಿಲ್ಲ. ಆ ಸಸಿಯನ್ನು ಕಂಡ ಕೂಡಲೇ ಕಿತ್ತು ಎಸೆಯುತ್ತಿದ್ದರು. ಬೆಳೆದರೆ ಅಧಿಕಾರಿ ಬರುತ್ತಾನೆ, ಗುರುತು ಹಾಕುತ್ತಾನೆ, ಕಳುವಾದರೆ ಠಾಣೆಗೆ ಕರೆಸುತ್ತಾನೆ ಎಂಬ ಭಯ. ಹಣೆಗೆ, ಪೂಜೆಗೆ, ಮದುವೆಗೆ, ಚಿತೆಗೆ ಎಲ್ಲದಕ್ಕೂ ಗಂಧ ಬೇಕೆನ್ನುವ ಜನ ಗಂಧದ ಸಸಿಯನ್ನು ಕಂಡರೆ ಹೆದರುವಂತೆ ಮಾಡಿದ್ದು ಒಂದು ಕಾಯಿದೆ. ತಾನಾಗಿ ಹುಟ್ಟಿ, ಯಾರ ಖರ್ಚೂ ಇಲ್ಲದೆ ಲಕ್ಷಾಂತರ ರೈತರ ಬೇಲಿಗಳಲ್ಲಿ ಬೆಳೆಯಬಹುದಾಗಿದ್ದ ಮರವನ್ನು ಹೀಗೆ ಕಳೆದುಕೊಂಡೆವು. 1998ರಿಂದ ಅದು ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅಪಾಯಕ್ಕೆ ಸಿಲುಕಬಹುದಾದ ಪ್ರಭೇದಗಳ ಸಾಲಿನಲ್ಲಿದೆ. ಎಲೆಗಳನ್ನು ಕುಗ್ಗಿಸಿ ಕೊನೆಗೆ ಮರವನ್ನೇ ಸಾಯಿಸುವ ಸ್ಪೈಕ್ ರೋಗವೂ ಕಾರಣ, ಕಳ್ಳಸಾಗಣೆಯೂ ಕಾರಣ, ಒಪ್ಪುತ್ತೇನೆ. ಆದರೆ ರೋಗಕ್ಕೆ ಸತ್ತ ಮರದ ಜಾಗದಲ್ಲಿ ಇನ್ನೊಂದನ್ನು ನೆಡಲು ಯಾರಿಗೂ ಮನಸ್ಸಾಗದಿದ್ದುದಕ್ಕೆ ಕಾರಣ ನಿಮ್ಮ ಇಲಾಖೆಯ ಕಾಯಿದೆ.

ಸರ್ಕಾರ ಗಂಧದಿಂದ ಒಳ್ಳೆಯದನ್ನೇನೂ ಮಾಡಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಯೂರೋಪಿಗೆ ಕೊರಡು ಹೋಗುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ ಇಲ್ಲೇ ಎಣ್ಣೆ ತೆಗೆಯುವ ಕೆಲಸ ಶುರುವಾಯಿತು. ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯ (ಇಂದಿನ ಭಾರತೀಯ ವಿಜ್ಞಾನ ಸಂಸ್ಥೆ) ರಸಾಯನಶಾಸ್ತ್ರಜ್ಞರು ಅದಕ್ಕೆ ನೆರವಾದರು. ಆಮೇಲೆ ಸರ್ಕಾರಿ ಕಾರ್ಖಾನೆಯಿಂದ ಮೈಸೂರು ಸ್ಯಾಂಡಲ್ ಸಾಬೂನು ಬಂತು. ಅದನ್ನು ರೂಪಿಸಿದ ಸೋಸಲೆ ಗರಳಪುರಿ ಶಾಸ್ತ್ರಿಗಳ ಹೆಸರನ್ನು ನಾನು ಗೌರವದಿಂದಲೇ ನೆನೆಯುತ್ತೇನೆ. ಆದರೆ ಆ ಕಾರ್ಖಾನೆಯ ಇಂದಿನ ಸ್ಥಿತಿ ನೋಡಿ. ಗಂಧದ ನಾಡಿನ ಸರ್ಕಾರಿ ಕಾರ್ಖಾನೆ ಕೇರಳದ ಮರಯೂರಿಗೆ ಹೋಗಿ, ಅಲ್ಲಿನ ಅರಣ್ಯ ಇಲಾಖೆ ನಡೆಸುವ ಹರಾಜಿನಲ್ಲಿ ಕೊರಡು ಕೊಂಡು ತರಬೇಕಾಗಿ ಬಂತು. ಇನ್ನೂರು ವರ್ಷ ಏಕಸ್ವಾಮ್ಯ ನಡೆಸಿದ ರಾಜ್ಯಕ್ಕೆ ತನ್ನದೇ ಸಾಬೂನಿಗೆ ಬೇಕಾದಷ್ಟು ಮರ ಇಲ್ಲ. ಅದೇ ಹೊತ್ತಿಗೆ ಆಸ್ಟ್ರೇಲಿಯಾದ ವಾಯವ್ಯ ಮೂಲೆಯಲ್ಲಿ, ಕುನುನುರಾ ಎಂಬ ಊರಿನ ಸುತ್ತ, ಆರ್ಡ್ ನದಿಯ ನೀರಿನಲ್ಲಿ, ನಮ್ಮದೇ ಜಾತಿಯ ಗಂಧವನ್ನು ಖಾಸಗಿ ಕಂಪನಿಗಳು ಸಾವಿರಾರು ಹೆಕ್ಟೇರಿನಲ್ಲಿ ಬೆಳೆಸಿವೆ. ಅಲ್ಲಿ ನೆಡುವಿಕೆ ಶುರುವಾದದ್ದು 1999ರ ಸುಮಾರಿಗೆ. ಅವುಗಳಲ್ಲಿ ದೊಡ್ಡ ಕಂಪನಿ ಸಾಲದಲ್ಲಿ ಮುಳುಗಿ ಕೈಬದಲಾದದ್ದೂ ನಿಜ. ಹೂಡಿದವರು ನಷ್ಟ ಅನುಭವಿಸಿದರು, ಮರಗಳು ಉಳಿದವು. ಇಲ್ಲಿ ಆದದ್ದು ಅದರ ತದ್ವಿರುದ್ಧ.

2001ರ ತಿದ್ದುಪಡಿ ಎಲ್ಲವನ್ನೂ ಸರಿಪಡಿಸಿತಲ್ಲ ಎಂದು ನಿಮ್ಮ ಅಧಿಕಾರಿಗಳು ಹೇಳುತ್ತಾರೆ. ಮರ ನಿನ್ನದು ಎಂದಿತು, ಹೌದು. ಆದರೆ ಮಾರಬೇಕಾದರೆ ಸರ್ಕಾರಕ್ಕೆ ಅಥವಾ ಅದರ ನಿಗಮಗಳಿಗೇ ಮಾರಬೇಕು ಎಂದೂ ಹೇಳಿತು. ಕೊರಡು ಗಂಧದ ಕೋಠಿಗೆ, ಅಂದರೆ ಇಲಾಖೆಯ ಉಗ್ರಾಣಕ್ಕೆ, ಹೋಗಬೇಕು. ಅಲ್ಲಿ ಬಿಳಿ ಭಾಗವನ್ನು ಕೆತ್ತಿ, ಚೇಗನ್ನು ದರ್ಜೆಗಳಾಗಿ ವಿಂಗಡಿಸುತ್ತಾರೆ: ವಿಲಾಯತ್ ಬುದ್ಧ, ಚೈನಾ ಬುದ್ಧ, ಪಂಜಂ, ಹೀಗೆ ಕೊನೆಯ ಗರಗಸದ ಹೊಟ್ಟಿನವರೆಗೆ. ದರ್ಜೆ ಒಂದು ಮೆಟ್ಟಿಲು ಇಳಿದರೆ ರೈತನ ಕೈಗೆ ಬರುವ ಹಣವೂ ಇಳಿಯುತ್ತದೆ. ಕೊಳ್ಳುವವರ ಕಡೆಯವರೇ ದರ್ಜೆಯನ್ನೂ ನಿರ್ಧರಿಸುವ ಮಾರುಕಟ್ಟೆಯಲ್ಲಿ ಮಾರುವವನಿಗೆ ಎದ್ದು ಹೋಗುವ ದಾರಿ ಇರಬೇಕು. ಬೇರೆ ಕೊಳ್ಳುವವನೇ ಇಲ್ಲದಿದ್ದರೆ ಎದ್ದು ಎಲ್ಲಿಗೆ ಹೋಗುವುದು? 2022ರಲ್ಲಿ ಸಚಿವ ಸಂಪುಟ ಶ್ರೀಗಂಧ ನೀತಿಗೆ ಒಪ್ಪಿಗೆ ಕೊಟ್ಟಿತು, ಮುಕ್ತ ಮಾರುಕಟ್ಟೆಯ ಮಾತು ಬಂತು. ಅದನ್ನು ಸ್ವಾಗತಿಸಿದವರಲ್ಲಿ ನಾನೂ ಇದ್ದೆ. ಆದರೆ ನೀತಿ ಕಾಯಿದೆಯಲ್ಲ. ಒಂದು ಸರ್ಕಾರದ ನೀತಿಯನ್ನು ಇನ್ನೊಂದು ಸರ್ಕಾರ ಒಂದು ಸುತ್ತೋಲೆಯಲ್ಲಿ ಬದಲಿಸಬಹುದು. ಇಪ್ಪತ್ತೈದು ವರ್ಷದ ಬೆಳೆಗೆ ಐದು ಚುನಾವಣೆಗಳು ಅಡ್ಡ ಬರುತ್ತವೆ.

ನಮ್ಮೂರಿಗೆ ಹತ್ತಿರದ ತೋಟವೊಂದರಲ್ಲಿ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಬೆಳಿಗ್ಗೆ ಹೋದಾಗ ಮರದ ಬುಡದಲ್ಲಿ ತೆಳ್ಳನೆಯ ಕಂದು ಪುಡಿ ಬಿದ್ದಿತ್ತು. ಎದೆಮಟ್ಟದಲ್ಲಿ ಬೆರಳು ತೂರುವಷ್ಟು ತೂತು. ಕಳ್ಳರು ಬೈರಿಗೆ ಹಾಕಿ ಚೇಗು ಎಷ್ಟಿದೆ ಎಂದು ನೋಡಿಕೊಂಡು ಹೋಗಿದ್ದರು. ಕೆಲವು ದಿನಗಳ ನಂತರ ಮಳೆಯ ರಾತ್ರಿಯಲ್ಲಿ ಬಂದು ಬ್ಯಾಟರಿ ಗರಗಸದಿಂದ ಮೊಣಕಾಲೆತ್ತರಕ್ಕೆ ಕೊಯ್ದು ಕಾಂಡ ಒಯ್ದರು. ಕೊಂಬೆ, ಸೊಪ್ಪು ಅಲ್ಲೇ ಬಿದ್ದಿದ್ದವು. ಉಳಿದ ಬುಡದ ಮೇಲೆ ಕಂದು ವೃತ್ತ ಹಸಿಯಾಗಿ ಹೊಳೆಯುತ್ತಿತ್ತು, ಇಡೀ ತೋಟ ಘಮಘಮ ಎನ್ನುತ್ತಿತ್ತು. ರೈತ ಠಾಣೆಗೆ ಹೋದರೆ ಅರಣ್ಯ ಕಚೇರಿಗೆ ಹೋಗು ಎಂದರು, ಅಲ್ಲಿ ಹೋದರೆ ಠಾಣೆಯ ದೂರಿನ ಪ್ರತಿ ತಾ ಎಂದರು. ಕೊನೆಗೆ ಬಂದು ಪಂಚರನ್ನು ಕೂರಿಸಿ ಟೇಪು ಹಿಡಿದು ಮಹಜರು ಬರೆದರು. ಬೇರು ಇನ್ನೂ ನೆಲದಲ್ಲೇ ಇತ್ತು, ಮರದಲ್ಲಿ ಎಣ್ಣೆ ಹೆಚ್ಚಿರುವ ಭಾಗ ಅದು. ಕಿತ್ತು ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದು ಆತ ಕೇಳಿದ. ಅನುಮತಿ ಬರುವ ತನಕ ಮುಟ್ಟಬಾರದು ಎಂಬ ಉತ್ತರ ಬಂತು. ಅನುಮತಿಯ ಕಾಗದ ಬರುವ ಮೊದಲೇ ಕಳ್ಳರು ಎರಡನೇ ಸಲ ಬಂದು ಬೇರನ್ನೂ ಅಗೆದು ಒಯ್ದರು. ಆ ಗುಂಡಿಯ ಪಕ್ಕ ನಿಂತಿದ್ದ ರೈತನಿಗೆ ಸಮಾಧಾನ ಹೇಳಲು ನನ್ನಲ್ಲಿ ಮಾತಿರಲಿಲ್ಲ. ಅವನಿಗೆ ಆದ ನಷ್ಟದಲ್ಲಿ ಮೊದಲರ್ಧ ಕಳ್ಳನದು. ಎರಡನೆಯರ್ಧವನ್ನು ಮಾಡಿದ್ದು ಕಾಯಿದೆ, ಅದನ್ನು ತಡೆಯುವ ಶಕ್ತಿ ನಿಮ್ಮ ಕೈಯಲ್ಲಿತ್ತು.

ನಿಮ್ಮ ಕಡೆಯಿಂದ ಬರುವ ಮುಖ್ಯ ಆಕ್ಷೇಪ ನನಗೆ ಗೊತ್ತು. ಖಾಸಗಿ ಮರಕ್ಕೆ ಪೂರ್ತಿ ಬಿಡುಗಡೆ ಕೊಟ್ಟರೆ ಕಾಡಿನ ಮರವನ್ನು ಕದ್ದು ಹೊಲದ ಮರವೆಂದು ಮಾರುತ್ತಾರೆ ಎನ್ನುತ್ತೀರಿ. ಗಂಭೀರವಾದ ಮಾತು, ತಳ್ಳಿಹಾಕುವುದಿಲ್ಲ. ಆದರೆ ಏಕಸ್ವಾಮ್ಯ ಬಿಗಿಯಾಗಿದ್ದ ದಶಕಗಳಲ್ಲೇ ಅಲ್ಲವೇ ವೀರಪ್ಪನ್ ಮಲೆಮಹದೇಶ್ವರ ಬೆಟ್ಟದಿಂದ ಸತ್ಯಮಂಗಲದವರೆಗೆ ಕಾಡನ್ನು ತನ್ನದಾಗಿ ಮಾಡಿಕೊಂಡದ್ದು? 2000ದ ಜುಲೈನಲ್ಲಿ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿ 108 ದಿನ ಇಟ್ಟುಕೊಂಡಾಗ ಇಡೀ ಕನ್ನಡ ನಾಡು ಉಸಿರು ಬಿಗಿಹಿಡಿದಿತ್ತು. 2004ರಲ್ಲಿ ಆತ ಸತ್ತ, ಕಳ್ಳಸಾಗಣೆ ಸಾಯಲಿಲ್ಲ. ಕಾನೂನುಬದ್ಧ ಮರ ಸಿಗದೆ ಬೇಡಿಕೆ ಮಾತ್ರ ಉಳಿದರೆ ಆ ಹಣವೆಲ್ಲ ಕದ್ದವನಿಗೇ ಹೋಗುತ್ತದೆ. ಹೊಲದ ಮರ ರಾಶಿಯಾಗಿ ಮಾರುಕಟ್ಟೆಗೆ ಬಂದ ದಿನ ಕಾಡಿನ ಕಳ್ಳನ ಲಾಭ ಕರಗುತ್ತದೆ. ಇನ್ನು ಕಾಡು ಕಾಯುವುದು ನಿಮ್ಮ ಕೆಲಸ. ಮರಯೂರಿನಲ್ಲಿ ಬೇಲಿ ಹಾಕಿ, ಕಾವಲು ಇಟ್ಟು, ಸರ್ಕಾರಿ ಕಾಡಿನ ಗಂಧವನ್ನು ಉಳಿಸಿಕೊಂಡಿದ್ದಾರೆ. ನಿಮ್ಮ ಸಿಬ್ಬಂದಿ ನನ್ನ ಹೊಲದ ಕಾಗದಪತ್ರ ನೋಡುವುದರಲ್ಲಿ ಕಳೆಯುವ ಸಮಯವನ್ನು ಭದ್ರಾ, ಶಿವಮೊಗ್ಗದ ಕಾಡುಗಳಿಗೆ ಕೊಡಲಿ.

ರೈತನನ್ನು ವ್ಯಾಪಾರಿ ಮೋಸ ಮಾಡುತ್ತಾನೆ ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಉತ್ತರ ನಮ್ಮ ಜಿಲ್ಲೆಯ ಬೆಟ್ಟದ ಮೇಲೆಯೇ ಇದೆ. 1942ರಿಂದ ಕಾಫಿ ಬೆಳೆಗಾರರು ತಾವು ಬೆಳೆದ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಬೆಳೆಯನ್ನೂ ಒಟ್ಟುಗೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೆ, ಒಪ್ಪಿಸಬೇಕಿತ್ತು. ಹೊಸಬರಿಗೆ ಇದು ನಂಬಲಾಗದು: ತನ್ನ ತೋಟದ ಬೀಜವನ್ನು ಹುರಿದು, ಪುಡಿ ಮಾಡಿ, ಮೂಡಿಗೆರೆ ಪೇಟೆಯಲ್ಲಿ ಅಂಗಡಿ ಇಟ್ಟು ಮಾರುವ ಹಕ್ಕು ಬೆಳೆಗಾರನಿಗೆ ಇರಲಿಲ್ಲ. ಮನೆಯ ಬಳಕೆಗೆ ಇಟ್ಟುಕೊಳ್ಳುವುದಕ್ಕೂ ಮಿತಿಯಿತ್ತು. ಹಣ ಕಂತುಕಂತಾಗಿ, ಮಂಡಳಿ ಮಾರಿದ ಮೇಲೆ ಬರುತ್ತಿತ್ತು. ಬೆಳೆಗಾರರನ್ನು ರಕ್ಷಿಸಲು ಮಾಡಿದ ವ್ಯವಸ್ಥೆ ಅದು, ಯುದ್ಧಕಾಲದಲ್ಲಿ ಅದಕ್ಕೆ ಕಾರಣವೂ ಇತ್ತು. ಯುದ್ಧ ಮುಗಿದು ಅರ್ಧ ಶತಮಾನವಾದರೂ ರಕ್ಷಣೆ ಮುಗಿಯಲಿಲ್ಲ. ಬೆಳೆಗಾರರು ಒತ್ತಾಯಿಸುತ್ತಾ ಬಂದರು. 1992ರಿಂದ ಒಂದೊಂದೇ ಗಂಟು ಸಡಿಲವಾಗಿ 1996ಕ್ಕೆ ಪೂರ್ತಿ ಬಿಡುಗಡೆ ಸಿಕ್ಕಿತು. ಅದೇ ವರ್ಷ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಚಿಕ್ಕಮಗಳೂರಿನ ಬೆಳೆಗಾರರ ಮನೆತನದವರೊಬ್ಬರು ಮೊದಲ ಕೆಫೆ ಕಾಫಿ ಡೇ ತೆರೆದರು. ಇಂದು ತಮ್ಮದೇ ತೋಟದ ಹೆಸರಿನಲ್ಲಿ ಪುಡಿ ಮಾರುವ ಸಣ್ಣ ಬೆಳೆಗಾರರು ಎಷ್ಟೋ ಜನ. ಬಿಡುಗಡೆಯ ನಂತರ ಕಷ್ಟವೂ ಬಂತು. 2000ದ ಆಸುಪಾಸಿನಲ್ಲಿ ಬೆಲೆ ನೆಲಕಚ್ಚಿ ಎಷ್ಟೋ ತೋಟಗಳು ಸಾಲದಲ್ಲಿ ಮುಳುಗಿದವು. ಆ ದಿನಗಳಲ್ಲಿ ಕೂಡ, ನಾನು ಬಲ್ಲ ಬೆಳೆಗಾರರಲ್ಲಿ ಒಬ್ಬರ ಬಾಯಿಂದಲೂ ಪೂಲ್ ವ್ಯವಸ್ಥೆ ಮರಳಿ ಬರಲಿ ಎಂಬ ಮಾತು ಬರಲಿಲ್ಲ. ಮೋಸಹೋಗುವ ಭಯಕ್ಕಿಂತ ಕೈಕಟ್ಟಿ ಕೂರುವ ಭಯ ಅವರಿಗೆ ದೊಡ್ಡದಾಗಿತ್ತು. ನಿಮ್ಮ ಸಾಬೂನು ಕಾರ್ಖಾನೆ ಗಂಧ ಕೊಳ್ಳುತ್ತಲೇ ಇರಲಿ. ಎಲ್ಲರಿಗಿಂತ ಒಳ್ಳೆಯ ಬೆಲೆ ಕೊಟ್ಟರೆ ಅದಕ್ಕೇ ಮೊದಲು ಮಾರುತ್ತೇವೆ. ಕೊಳ್ಳುವವರ ಸಾಲಿನಲ್ಲಿ ಅದು ಒಬ್ಬ ಗಿರಾಕಿಯಾಗಿ ನಿಲ್ಲಲಿ ಎಂಬುದಷ್ಟೇ ನಮ್ಮ ಮಾತು.

ನಾನು ಹೇಳುತ್ತಿರುವುದು ಗಂಧದ ವಿಷಯವಾದರೂ ಇದರ ಹಿಂದೆ ಒಂದು ನಂಬಿಕೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಲಿಬರ್ಟೇರಿಯನ್ ಎಂದು ಈಗ ಕರೆಯುವ ಚಿಂತನೆಗೆ ಸೇರಿದವನು ನಾನು. ಇನ್ನೊಬ್ಬರಿಗೆ ಕೇಡು ಮಾಡದೆ ಬದುಕುವ ಮನುಷ್ಯನ ದುಡಿಮೆ, ಆಸ್ತಿ, ವ್ಯಾಪಾರದ ಮೇಲೆ ಸರ್ಕಾರಕ್ಕೆ ಅಧಿಕಾರವಿಲ್ಲ ಎಂದು ನಂಬಿದವನು. ಇದು ಪಶ್ಚಿಮದಿಂದ ಬಂದ ಶೋಕಿ ಎನ್ನುವವರು ನಮ್ಮ ಸುತ್ತಮುತ್ತಲಿನ ಇಬ್ಬರನ್ನು ನೆನಪಿಸಿಕೊಳ್ಳಬೇಕು. ಒಬ್ಬರು ಹೊಸೂರಿನ ಬಳಿ ಹುಟ್ಟಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ರಾಜಾಜಿ. ಗಾಂಧಿಯವರ ಜೊತೆ ಜೈಲಿಗೆ ಹೋಗಿ, ದೇಶದ ಗವರ್ನರ್ ಜನರಲ್ ಆಗಿ, ಎಂಬತ್ತರ ವಯಸ್ಸಿನಲ್ಲಿ, 1959ರಲ್ಲಿ, ಪರ್ಮಿಟ್, ಲೈಸೆನ್ಸ್, ಕೋಟಾಗಳ ಆಳ್ವಿಕೆಯ ವಿರುದ್ಧ ಸ್ವತಂತ್ರ ಪಕ್ಷ ಕಟ್ಟಿದರು. ಇನ್ನೊಬ್ಬರು ಅಂದಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ಬಿ.ಆರ್. ಶೆಣೈ. 1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಯನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ ಉಳಿದವರೆಲ್ಲ ತಲೆದೂಗಿದಾಗ ಅವರೊಬ್ಬರೇ ಭಿನ್ನಮತದ ಟಿಪ್ಪಣಿ ಬರೆದರು. ನಿಯಂತ್ರಣಗಳು ಬೇಡ, ಸರ್ಕಾರ ಆದಾಯ ಮೀರಿ ಖರ್ಚು ಮಾಡುವ ಕೊರತೆ ಹಣಕಾಸು ಬೆಲೆಯೇರಿಕೆ ತರುತ್ತದೆ ಎಂದರು. ಅವರ ಮಾತಿಗೆ ದೇಶ ಕಿವಿಗೊಡಲು 1991ರ ಆರ್ಥಿಕ ಉದಾರೀಕರಣ ಬರಬೇಕಾಯಿತು. ಅಷ್ಟರೊಳಗೆ, 1978ರ ನಲವತ್ತನಾಲ್ಕನೇ ತಿದ್ದುಪಡಿಯಲ್ಲಿ, ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದಲೇ ತೆಗೆದುಹಾಕಿದ್ದರು. ಉಳಿದದ್ದು 300ಎ ವಿಧಿ, ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ ಎಂಬಷ್ಟು. ಕಾನೂನು ಮಾಡುವವರು ನೀವೇ ಆದ್ದರಿಂದ ಆ ಗೋಡೆ ಎಷ್ಟು ಎತ್ತರ ಎಂಬುದು ನಿಮ್ಮ ಮೇಲೇ ನಿಂತಿದೆ.

ನಮ್ಮ ಬಳಗದಲ್ಲಿ ನನಗಿಂತ ಮುಂದೆ ಹೋಗುವ ಗೆಳೆಯರಿದ್ದಾರೆ. ಸರ್ಕಾರದ ಯಾವ ಯೋಜನೆಗೂ ಹೆಸರು ಬರೆಸದೆ, ಮಕ್ಕಳಿಗೆ ಮನೆಯಲ್ಲೇ ಕಲಿಸುತ್ತಾ, ತಮ್ಮ ಬಾವಿ, ತಮ್ಮ ಸೌರವಿದ್ಯುತ್, ತಮ್ಮ ಬೀಜ ಎಂದು ಬದುಕುವವರು. ನಾನು ಅಷ್ಟು ದೂರ ಹೋಗುವುದಿಲ್ಲ. ನ್ಯಾಯಾಲಯ ಬೇಕು, ಕಳ್ಳನನ್ನು ಹಿಡಿಯುವ ಪೊಲೀಸರು ಬೇಕು, ಅದಕ್ಕಾಗಿ ತೆರಿಗೆ ಕೊಡುತ್ತೇನೆ. ಆದರೆ ಹಂಗಿನ ಅರಮನೆಗಿಂತ ಗುಡಿಸಲು ಲೇಸು ಎಂಬ ಅವರ ಹಟವನ್ನು ಕಂಡರೆ ನನಗೆ ಗೌರವವಿದೆ. ಗಂಧದ ಸಸಿಗೆ ಸಿಗುವ ಸಹಾಯಧನವನ್ನು ನಿಲ್ಲಿಸಿದರೆ ನಾವು ಪ್ರತಿಭಟಿಸುವುದಿಲ್ಲ. ಹತ್ತು ರೂಪಾಯಿಯ ನೆರವಿಗೆ ಇಪ್ಪತ್ತೈದು ವರ್ಷದ ಅಧೀನತೆಯನ್ನು ಕೊಂಡುಕೊಳ್ಳುವ ವ್ಯವಹಾರ ನಮಗೆ ಬೇಡ. ಈಗಾಗಲೇ ನಮ್ಮ ತೋಟಗಳನ್ನು ಕಾಯುತ್ತಿರುವುದು ನಾವೇ. ಸರದಿಯಲ್ಲಿ ರಾತ್ರಿಗಾವಲು, ನಾಯಿಗಳು, ಕ್ಯಾಮೆರಾಗಳು, ಯಾರ ತೋಟದಲ್ಲಿ ಬೆಳಕು ಕಂಡರೂ ಮೊಬೈಲಿನಲ್ಲಿ ಎಲ್ಲರನ್ನೂ ಎಬ್ಬಿಸುವ ಗುಂಪು. ಇದಕ್ಕೆ ಯಾವ ಸುತ್ತೋಲೆಯೂ ಬೇಕಾಗಲಿಲ್ಲ. ಪ್ರತಿ ಮರಕ್ಕೆ ಸಂಖ್ಯೆ ಹಾಕಿ, ಸುತ್ತಳತೆ ಬರೆದು, ಯಾರು ಬೇಕಾದರೂ ನೋಡಬಹುದಾದ ದಾಖಲೆ ಪುಸ್ತಕ ಇಡುವ ಕೆಲಸವನ್ನೂ ನಾವೇ ಮಾಡಬಲ್ಲೆವು. ಕಾಡಿನ ಮರ ನಮ್ಮ ಮರದ ಜೊತೆ ಬೆರೆಯಬಾರದು ಎಂಬ ಕಾಳಜಿ ನಿಮಗಿಂತ ನಮಗೆ ಹೆಚ್ಚು, ಏಕೆಂದರೆ ಕದ್ದ ಮರ ನಮ್ಮ ಬೆಲೆಯನ್ನು ಇಳಿಸುತ್ತದೆ.

ನೀವು ಮಾಡಬೇಕಾದದ್ದು ಕಷ್ಟದ ಕೆಲಸವಲ್ಲ, ದಾರಿ ಈಗಾಗಲೇ ಇದೆ. 2017ರಲ್ಲಿ ಕೇಂದ್ರ ಸರ್ಕಾರ ಭಾರತೀಯ ಅರಣ್ಯ ಕಾಯಿದೆಯಲ್ಲಿ ಮರ ಎಂಬುದರ ವ್ಯಾಖ್ಯೆಯಿಂದ ಬಿದಿರನ್ನು ತೆಗೆಯಿತು. ಕಾಡಿನ ಹೊರಗೆ ಬೆಳೆದ ಬಿದಿರನ್ನು ಕಡಿಯಲು, ಸಾಗಿಸಲು ಆ ಕಾಯಿದೆಯಡಿ ಇದ್ದ ಅನುಮತಿಯ ತೊಡಕು ಹೋಯಿತು. ಅದೇ ರೀತಿ ಪಹಣಿ ಇರುವ ಖಾಸಗಿ ಜಮೀನಿನಲ್ಲಿ ಬೆಳೆದ ಶ್ರೀಗಂಧವನ್ನು ನಮ್ಮ ರಾಜ್ಯದ ಅರಣ್ಯ ಕಾಯಿದೆಯ ಗಂಧದ ಅಧ್ಯಾಯದಿಂದ ಪೂರ್ತಿಯಾಗಿ ಹೊರಗಿಡಿ. ಅನುಮತಿಯನ್ನು ಸರಳಗೊಳಿಸುತ್ತೇವೆ, ಆನ್‌ಲೈನ್ ಮಾಡುತ್ತೇವೆ, ಏಕಗವಾಕ್ಷಿ ತರುತ್ತೇವೆ ಎಂದು ಹೇಳಬೇಡಿ. ಗವಾಕ್ಷಿ ಎಷ್ಟೇ ದೊಡ್ಡದಾದರೂ ಒಳಗೆ ಕೂತವನು ಮುಚ್ಚಬಲ್ಲ. ಸಾಗಣೆಯ ರಹದಾರಿ ಪತ್ರ ಹೋಗಲಿ, ಕಡಿಯುವ ಅನುಮತಿ ಹೋಗಲಿ, ಎಣ್ಣೆ ಇಳಿಸುವ ಪರವಾನಗಿ ಹೋಗಲಿ. ಇವು ಹೋದ ದಿನ ನಮ್ಮ ಹಳ್ಳಿಯ ಹುಡುಗರೇ ಸಣ್ಣ ಭಟ್ಟಿ ಇಟ್ಟು ಎಣ್ಣೆ ತೆಗೆಯುತ್ತಾರೆ. ಉತ್ತರ ಪ್ರದೇಶದ ಕನೌಜಿನ ಅತ್ತರಿನವರು ಗಂಧದೆಣ್ಣೆ ಸಿಗದೆ, ಸಿಕ್ಕರೂ ಕೊಳ್ಳಲಾಗದೆ, ರಾಸಾಯನಿಕ ದ್ರವಗಳಿಗೆ ಹೂವಿನ ಸುವಾಸನೆ ಹಿಡಿಸುತ್ತಿದ್ದಾರೆ. ಅವರಿಗೆ ಎಣ್ಣೆ ಬೇಕು, ನಮ್ಮಲ್ಲಿ ಮರ ಇದೆ.

ಸಾಗರ, ಸೊರಬ, ಶಿರಸಿ, ಕುಮಟಾ ಕಡೆಯ ಗುಡಿಗಾರರ ಬಗ್ಗೆ ಹೇಳದಿದ್ದರೆ ಈ ಪತ್ರ ಅಪೂರ್ಣ. ತಲೆಮಾರುಗಳಿಂದ ಗಂಧದಲ್ಲಿ ಕೆತ್ತುತ್ತಾ ಬಂದವರು ಅವರು. ಬೆರಳಗಲದ ತುಂಡಿನಲ್ಲಿ ಆನೆಯ ಮೇಲೆ ಅಂಬಾರಿ, ಅಂಬಾರಿಯ ಸುತ್ತ ಬಳ್ಳಿ, ಬಳ್ಳಿಯ ಎಲೆಯಲ್ಲಿ ನರಗಳನ್ನು ಬಿಡಿಸಬಲ್ಲವರು. ಅವರಿಗೆ ಗಂಧ ಸಿಗುವುದು ಸರ್ಕಾರ ಹಂಚಿದಾಗ, ಹಂಚಿದಷ್ಟು. ಸಿಗದಾಗ ಶಿವನೆ ಮರಕ್ಕೆ ಇಳಿಯುತ್ತಾರೆ, ಇಲ್ಲವೇ ಮಗನನ್ನು ಬೇರೆ ಕೆಲಸಕ್ಕೆ ಕಳುಹಿಸುತ್ತಾರೆ. ಕಡೂರಿನಿಂದ ಸಾಗರಕ್ಕೆ ಒಂದು ಬೆಳಗಿನ ದಾರಿ. ಇಲ್ಲಿ ಮರ ಮಾರಬೇಕೆಂದು ಕಾದವನಿದ್ದಾನೆ, ಅಲ್ಲಿ ತುಂಡು ಕೊಳ್ಳಬೇಕೆಂದು ಕಾದವನಿದ್ದಾನೆ. ಇಬ್ಬರಿಗೂ ಒಪ್ಪಿಗೆ, ಮೂರನೆಯ ಯಾರಿಗೂ ನಷ್ಟವಿಲ್ಲ. ಅವರಿಬ್ಬರೂ ಭೇಟಿಯಾಗದಂತೆ ನಡುವೆ ನಿಂತಿರುವುದು ನೀವು.

ಮುಂದಿನ ವಿಧಾನಮಂಡಲ ಅಧಿವೇಶನದಲ್ಲಿ ತಿದ್ದುಪಡಿ ಮಸೂದೆ ಮಂಡಿಸಿ ಎಂದು ಒತ್ತಾಯಿಸುತ್ತೇನೆ. ಅಧಿವೇಶನ ಮುಗಿದರೂ ಮಸೂದೆ ಬಾರದಿದ್ದರೆ ನಾವು ಮಾಡಲಿರುವುದನ್ನು ಈಗಲೇ ತಿಳಿಸುತ್ತೇನೆ, ಕದ್ದುಮುಚ್ಚಿ ಮಾಡುವ ಕೆಲಸ ನಮ್ಮದಲ್ಲ. 1930ರಲ್ಲಿ ಅಂಕೋಲೆಯ ಕಡಲ ತೀರದಲ್ಲಿ ನಮ್ಮ ಜನ ಉಪ್ಪು ಮಾಡಿ ಹಾಡಹಗಲೇ ಮಾರಿದರು. ಆಮೇಲೆ ಸಿದ್ದಾಪುರ, ಅಂಕೋಲೆಯ ರೈತರು ಕಂದಾಯ ಕೊಡದೆ ಜಮೀನು ಕಳೆದುಕೊಂಡರೂ ಹಿಂಜರಿಯಲಿಲ್ಲ. ಅವರ ತ್ಯಾಗದ ಮುಂದೆ ನಮ್ಮದು ಸಣ್ಣ ಕೆಲಸ. ನನ್ನ ತೋಟದ ಒಂದು ಮರವನ್ನು ಊರವರ ಎದುರಿಗೆ, ಬೇರುಸಹಿತ, ಅನುಮತಿ ಕೇಳದೆ ಕೀಳುತ್ತೇನೆ. ಒಂದು ತುಂಡನ್ನು ರಹದಾರಿ ಪತ್ರವಿಲ್ಲದೆ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಸಾಗರಕ್ಕೆ ಹೋಗಿ, ಕೊಳ್ಳಲು ಒಪ್ಪಿರುವ ಗುಡಿಗಾರರೊಬ್ಬರಿಗೆ ಮಾರುತ್ತೇನೆ. ತೂಕ, ಬೆಲೆ, ನನ್ನ ಸರ್ವೆ ನಂಬರು, ನನ್ನ ಹೆಸರು, ಸಹಿ ಎಲ್ಲ ಇರುವ ರಶೀದಿ ಬರೆದುಕೊಡುತ್ತೇನೆ. ಅದರ ಪ್ರತಿಯನ್ನು ನಿಮ್ಮ ಇಬ್ಬರ ಕಚೇರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸುತ್ತೇನೆ. ಕೊಂಡವರ ಮೇಲೆ ಕ್ರಮ ಬೇಡ, ಹೊಣೆ ಪೂರ್ತಿ ನನ್ನದು ಎಂಬ ಹೇಳಿಕೆಯೂ ಜೊತೆಗಿರುತ್ತದೆ. ನಮ್ಮ ಬಳಗದ ಇತರ ಬೆಳೆಗಾರರು ತಮ್ಮ ತಮ್ಮ ತೋಟಗಳಲ್ಲಿ ಇದನ್ನೇ ಮಾಡಲು ಒಪ್ಪಿದ್ದಾರೆ. ದಿನಾಂಕವನ್ನು ಮೊದಲೇ ಪತ್ರಿಕೆಗಳಿಗೆ ತಿಳಿಸುತ್ತೇವೆ. ನಿಮ್ಮ ಅಧಿಕಾರಿಗಳು ಬರಲಿ, ಬಂಧಿಸುವುದಾದರೆ ಯಾರೂ ಅಡ್ಡಿ ಮಾಡುವುದಿಲ್ಲ. ನ್ಯಾಯಾಲಯದಲ್ಲಿ ನನ್ನ ಪಹಣಿಯನ್ನೂ ಆ ರಶೀದಿಯನ್ನೂ ಮುಂದಿಡುತ್ತೇನೆ.

ಇಂತಿ,

ಕಡೂರು ತಾಲ್ಲೂಕಿನ ಒಬ್ಬ ಶ್ರೀಗಂಧ ಬೆಳೆಗಾರ